ಬಿಸ್ಕತ್ತಿನ ಡಬ್ಬಿಯ ಮಾತು

ದೊಡ್ಡ ಮಿಸ್ ತಪ್ಪು ತಿದ್ದುವುದನ್ನು ನಿಲ್ಲಿಸಿದ ದಿನದಿಂದ ಕಾವೇರಿಗೆ ಹೆದರಿಕೆ ಶುರುವಾಯಿತು.

ಕುಕ್ ಟೌನಿನ ಆ ಹಳೇ ಹೆಂಚಿನ ಮನೆಯಲ್ಲಿದ್ದವರು ಮದುವೆಯಾಗದ ಅಕ್ಕತಂಗಿಯರಿಬ್ಬರು. ಅಕ್ಕ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಹಿಡಿದಿದ್ದರು. ತಂಗಿ ಇನ್ನೂ ಒಂದು ಶಾಲೆಯ ಆಫೀಸಿಗೆ ಹೋಗಿ ಬರುತ್ತಿದ್ದರು. ಕೆಲಸದವರ ಬಾಯಲ್ಲಿ ಅವರು ದೊಡ್ಡ ಮಿಸ್ ಮತ್ತು ಚಿಕ್ಕ ಮಿಸ್. ಅಕ್ಕತಂಗಿ ತಮ್ಮತಮ್ಮಲ್ಲಿ ಆಡುತ್ತಿದ್ದದ್ದು ತಮಿಳು, ಇಂಗ್ಲಿಷ್. ದೊಡ್ಡ ಮಿಸ್‌ಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಚಿಕ್ಕ ಮಿಸ್‌ಗೆ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮಾತ್ರ. ಹಗಲು ದೊಡ್ಡ ಮಿಸ್ ಅವರನ್ನು ನೋಡಿಕೊಳ್ಳುವವಳು ಕಾವೇರಿ, ರಾತ್ರಿ ಸುಭದ್ರಮ್ಮ. ಇಬ್ಬರೂ ಸೇಡಂ ಕಡೆಯವರು. ಇಬ್ಬರೂ ಇರುವುದು ಕೆ.ಆರ್. ಪುರದ ಒಂದೇ ವಠಾರದಲ್ಲಿ.

ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಚಿಕ್ಕ ಮಿಸ್ ಹೇಳಿದ್ದರು, ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡುವಷ್ಟಾದರೂ ಇಂಗ್ಲಿಷ್ ಕಲಿಯಬೇಕು ಎಂದು. ಅದಕ್ಕೇ ಕಾವೇರಿ ಸಂಜೆ ಶಿವಾಜಿನಗರದ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಕಲಿತದ್ದನ್ನು ಬೆಳಿಗ್ಗೆ ತಂದು ದೊಡ್ಡ ಮಿಸ್ ಮುಂದೆ ಸುರಿಯುತ್ತಿದ್ದಳು. ಅವರು ಕಣ್ಣು ಮುಚ್ಚಿಕೊಂಡೇ ಹೆಕ್ಕಿ ಹೆಕ್ಕಿ ತಿದ್ದುತ್ತಿದ್ದರು. ಗಂಡ ಊರಲ್ಲಿಲ್ಲ ಎನ್ನುವುದಕ್ಕೆ ಅವಳು ‘ಔಟ್ ಆಫ್ ಸ್ಟೇಷನ್’ ಎಂದರೆ, ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು ಯಾವ ಕಡೆ ಹೋದನಂತೆ ಎಂದು ಕೇಳುತ್ತಿದ್ದರು. ಏನಾದರೂ ಕೇಳುವುದಿದ್ದಾಗ ಕಾವೇರಿಯ ಮೊದಲ ಮಾತು ಯಾವತ್ತೂ ಒಂದೇ: “ಮಿಸ್, ಐ ಹ್ಯಾವ್ ಒನ್ ಡೌಟ್.”

“ಡೌಟ್ ಪೊಲೀಸಿಗೆ ಇರಲಿ ಕಣಮ್ಮಾ. ನಿಂದು ಕ್ವೆಶ್ಚನ್.”

ದಿನಾ ಬೈಸಿಕೊಂಡರೂ ಆ ಬೈಗುಳದಲ್ಲಿ ಒಂದು ಬಿಸುಪು ಇತ್ತು. ಊರಿನ ಶಾಲೆಯಲ್ಲಿ ಏಳನೆಯ ತರಗತಿಗೆ ನಿಂತುಹೋದ ಏನೋ ಒಂದು ಈ ಮನೆಯ ಕಿಟಕಿಯ ಪಕ್ಕ ಮತ್ತೆ ಮುಂದುವರಿದಂತೆ ಅನ್ನಿಸುತ್ತಿತ್ತು ಅವಳಿಗೆ.

ಒಂದು ಬೆಳಿಗ್ಗೆ ಅವಳು ಡೌಟ್ ಎಂದಳು. ದೊಡ್ಡ ಮಿಸ್ ಮಾತಾಡಲಿಲ್ಲ. ಮುಖ ಒರೆಸಿದಾಗ ಕಣ್ಣು ಅರೆ ತೆರೆದು, ಯಾರನ್ನೋ ದೂರದಿಂದ ನೋಡುವವರಂತೆ ನೋಡಿ, ಮುಚ್ಚಿಕೊಂಡರು. ಮಾರನೆಯ ದಿನವೂ ಹಾಗೇ. ಆಮೇಲೆ ಕಾವೇರಿ ಬೇಕೆಂದೇ ತಪ್ಪು ಮಾಡತೊಡಗಿದಳು. ತನಗೆ ಸರಿಯಾಗಿ ಗೊತ್ತಿರುವ ಮಾತುಗಳನ್ನೂ ಸೊಟ್ಟಗೆ ಮಾಡಿ, ಗಟ್ಟಿಯಾಗಿ, ಆ ಮುಖದ ಹತ್ತಿರ ಬಾಗಿ ಹೇಳಿದಳು. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ ಕಾದಳು. ಏನೂ ಕೇಳಿಸಲಿಲ್ಲ. ಗಂಜಿಯ ಚಮಚ ತುಟಿಗೆ ತಾಗಿಸಿದರೆ ನುಂಗುವುದೂ ಮರೆತುಹೋದಂತೆ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಚಿಕ್ಕ ಮಿಸ್ ಬಾಗಿಲಲ್ಲಿ ನಿಂತು ನೋಡಿ, ವಯಸ್ಸಾದ ಮೇಲೆ ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ ಎಂದು ಇಂಗ್ಲಿಷಿನಲ್ಲಿ ಅಂದು, ಕಣ್ಣೊರೆಸಿಕೊಂಡು ಹೋದರು.

ಒಂದು ಸೋಮವಾರ ಸಂಜೆ ಕಾವೇರಿ ಊಟದ ಡಬ್ಬಿ ಮರೆತು, ಗೇಟಿನವರೆಗೆ ಹೋದವಳು ತಿರುಗಿ ಬಂದಳು. ಅಡುಗೆಮನೆಯಲ್ಲಿ ಸುಭದ್ರಮ್ಮ ಬೆನ್ನು ಮಾಡಿ ನಿಂತಿದ್ದಳು. ತಟ್ಟೆಯ ಮೇಲೆ ಚಮಚದ ಬೆನ್ನಿನಿಂದ ಏನನ್ನೋ ಅರೆಯುತ್ತಿದ್ದಳು. ಪಕ್ಕದಲ್ಲಿ ನಿದ್ದೆ ಮಾತ್ರೆಯ ಪಟ್ಟಿ. ರಾತ್ರಿಗೆ ಅರ್ಧ ಮಾತ್ರೆ ಸಾಕು ಎಂದು ಡಾಕ್ಟರು ಹೇಳಿದ್ದು ಕಾವೇರಿಗೆ ಗೊತ್ತಿತ್ತು. ಪಟ್ಟಿ ಈಚೆಗೆ ಬೇಗ ಬೇಗ ಮುಗಿಯುತ್ತಿದ್ದುದೂ ಗೊತ್ತಿತ್ತು, ತರುವವಳು ಅವಳೇ ಆದ್ದರಿಂದ. ತಟ್ಟೆಯ ಮೇಲಿನ ಬಿಳಿ ಪುಡಿ ಅರ್ಧ ಮಾತ್ರೆಯದಲ್ಲ. ಎರಡು ಇರಬಹುದು. ಸುಭದ್ರಮ್ಮ ಅದನ್ನು ಗಂಜಿಗೆ ಜಾರಿಸಿ, ತಿರುಗಿ, ಅವಳನ್ನು ನೋಡಿದಳು.

ಬೆಚ್ಚಲಿಲ್ಲ. ಅದೇ ಕಾವೇರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ರಾತ್ರಿ ಎದ್ದು ಕುಂದರ್ತಾಳ,” ಎಂದಳು ಸುಭದ್ರಮ್ಮ, ಗಂಜಿ ಕಲಕುತ್ತ. “ಕೆಳಗ ಇಳೀತೀನಿ ಅಂತಾಳ. ಬಿದ್ಳಂದ್ರ ಯಾರ ಮ್ಯಾಲ ಬರ್ತದ? ಹಗಲೆಲ್ಲ ಇಂದಿರಾನಗರದಾಗ ಇನ್ನೊಂದು ಮನಿ ಕೆಲಸ ಅದ ನಂಗ. ಕಣ್ಣು ಮುಚ್ಚದ ಎಷ್ಟು ದಿನ ಬದುಕ್ಲಿ? ನೀ ನೋಡಿಲ್ಲ. ಡಬ್ಬಿ ತಗೊಂಡು ನಡಿ ತಂಗಿ.”

ಕಾವೇರಿ ಡಬ್ಬಿ ತೆಗೆದುಕೊಂಡು ನಡೆದಳು.

ಈ ಕೆಲಸ ಕೊಡಿಸಿದವಳು ಸುಭದ್ರಮ್ಮ. ವಠಾರದ ರೂಮು ಕೊಡಿಸಿದವಳೂ ಅವಳೇ. ಮಾಲೀಕ ಅವಳ ಭಾವನಿಗೆ ಗೊತ್ತಿರುವವನು. ಮೊದಲ ಸಲ ರೈಲಿನಿಂದ ಇಳಿದು ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಗಂಟುಮೂಟೆ ಇಟ್ಟುಕೊಂಡು ನಿಂತಾಗ, ಕೈಹಿಡಿದು ರಸ್ತೆ ದಾಟಿಸಿದ ಕೈ ಅದು. ಆ ಕೈಯೇ ಈಗ ಚಮಚ ಹಿಡಿದಿತ್ತು.

ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬರುವವರೆಗೂ ಅವಳು ಊಟದ ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡೇ ಕೂತಿದ್ದಳು.

ಕ್ಲಾಸು ನಡೆಯುತ್ತಿದ್ದದ್ದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಗುಂಡಿ-ಜರಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಲಿಸುವವರು ಉಮ್ಮೆ ಕುಲ್ಸುಂ, ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಆಪಾ, ಅಂದರೆ ಅಕ್ಕ. ಅಂಗಡಿಗಳಲ್ಲಿ ನಿಲ್ಲುವ ಹುಡುಗಿಯರು, ಪಾರ್ಲರಿನವರು, ಕಾವೇರಿಯಂತೆ ಮುದುಕರನ್ನು ನೋಡಿಕೊಳ್ಳುವವರು ಅಲ್ಲಿಗೆ ಬರುತ್ತಿದ್ದರು. ಆಪಾ ಹತ್ತಿರ ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರ ತುಂಬ ಚೀಟಿಗಳು. ಒಂದೊಂದರಲ್ಲೂ ಒಂದೊಂದು ಇಂಗ್ಲಿಷ್ ಗಾದೆ. ಸಂಜೆ ಎಲ್ಲರೂ ಒಂದೊಂದು ಚೀಟಿ ಎತ್ತಬೇಕು. ಆಪಾ ಅರ್ಥ ಹೇಳುತ್ತಾರೆ. ಆಮೇಲೆ ಇಬ್ಬಿಬ್ಬರು ಎದ್ದುನಿಂತು ತಮ್ಮ ತಮ್ಮ ಚೀಟಿಯ ಪರವಾಗಿ ಇಂಗ್ಲಿಷಿನಲ್ಲಿ ವಾದ ಮಾಡಬೇಕು.

ಕಾವೇರಿಗೆ ವಾದ ಬರುತ್ತಿರಲಿಲ್ಲ. ಎದುರಿನವಳು ಬಾಯಿ ತೆರೆದ ಕೂಡಲೇ “ಯೆಸ್, ಯು ಆರ್ ಕರೆಕ್ಟ್” ಎಂದು ಕೂತುಬಿಡುತ್ತಿದ್ದಳು. ಬಟ್ಟೆ ಅಂಗಡಿಯ ಲೈಬಾ ನಗುತ್ತಿದ್ದಳು: “ಆಪಾ, ಇವಳ ಜೊತೆ ನನ್ನ ಹಾಕ್ಬೇಡಿ. ಜಗಳಕ್ಕೆ ಹೋದ್ರೆ ಟೀ ಕುಡಿಸಿ ಕಳಿಸ್ತಾಳೆ.”

ಆದರೆ ಚೀಟಿ ಎತ್ತುವುದರಲ್ಲಿ ಕಾವೇರಿಯಷ್ಟು ಶ್ರದ್ಧೆ ಯಾರಿಗೂ ಇರಲಿಲ್ಲ. ಎತ್ತುವ ಮೊದಲು ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು. ಶುಚಿ ಹುಡುಗಿ ಎಂದುಕೊಂಡಿದ್ದರು ಆಪಾ. ಕಾವೇರಿಯ ಊರಲ್ಲಿ ದೊಡ್ಡ ಮಾತು ಯಾವುದಿದ್ದರೂ ಅಮ್ಮನ ಗುಡಿಯಲ್ಲಿ ಚೀಟಿ ಹಾಕಿ ಕೇಳುವ ಪದ್ಧತಿ. ಅವಳ ಮದುವೆ ಚೀಟಿಯಲ್ಲಿ ಬಂದದ್ದು. ಬೆಂಗಳೂರಿಗೆ ಬಂದದ್ದೂ ಚೀಟಿಯಲ್ಲೇ. ಕ್ಲಾಸಿಗೆ ಸೇರಿದ ಹೊಸದರಲ್ಲಿ, ತಡಮಾಡಬೇಡ ಎನ್ನುವ ಅರ್ಥದ ಚೀಟಿ ಬಂದ ಮರುದಿನ ಅವಳು ಓಡಿ ಮೊದಲ ಬಸ್ಸು ಹಿಡಿದಿದ್ದಳು. ಅದರ ಹಿಂದೆ ಹೊರಟ, ಅವಳು ದಿನಾ ಹತ್ತುವ ಬಸ್ಸು ಟಿನ್ ಫ್ಯಾಕ್ಟರಿಯ ಹತ್ತಿರ ಕೆಟ್ಟು ನಿಂತಿತ್ತು. ಅಂದಿನಿಂದ ಅವಳಿಗೆ ಆ ಡಬ್ಬಿಯ ಮೇಲೆ ನಂಬಿಕೆ ಕೂತಿತ್ತು. ಭಾಷೆ ಬೇರೆಯಾದರೇನು, ಚೀಟಿ ಚೀಟಿಯೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೇವರ ಹತ್ತಿರ ಕೇಳಿದ್ದನ್ನು ಯಾರೂ ಊರಿಗೆಲ್ಲ ಹೇಳುವುದಿಲ್ಲ.

ಆ ಸೋಮವಾರ ಕೈ ತೊಳೆದು, ಮನಸ್ಸಿನಲ್ಲಿ ಆ ಬಿಳಿ ಪುಡಿಯನ್ನು ಹಿಡಿದುಕೊಂಡು ಚೀಟಿ ಎತ್ತಿದಳು. ಬಾಯಿ ಮುಚ್ಚಿಕೊಂಡಿರುವವರಿಗೆ ಕೇಡಿಲ್ಲ ಎನ್ನುವ ಅರ್ಥದ್ದು ಬಂತು. ಅಂದು ರಾತ್ರಿ ಊಟ ಸೇರಿತು. ಗಂಡ ಭೀಮಾಶಂಕರ ಗ್ರಾನೈಟ್ ಪಾಲಿಶ್ ಕೆಲಸದವನು, ಮೈಯೆಲ್ಲ ಧೂಳು ಹೊತ್ತು ಬಂದವನು. ಅವನಿಗೆ ವಿಷಯ ಹೇಳಿದಾಗ ಅವನೂ ಅದನ್ನೇ ಅಂದ. ದೊಡ್ಡವರ ಮನೆಯ ಮಾತು, ನಮಗೇಕೆ. ಸುಭದ್ರಕ್ಕ ಮುನಿದರೆ ಈ ರೂಮೂ ಇಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಮಿಸ್‌ರ ತಲೆ ಎತ್ತಿ ಕೂರಿಸಿದರೆ ಅದು ಒದ್ದೆ ಬಟ್ಟೆಯಂತೆ ಪಕ್ಕಕ್ಕೆ ಬಿತ್ತು. ತುಟಿ ಒಣಗಿ ಬಿರಿದಿತ್ತು. ಕಾವೇರಿ ಹತ್ತಿಯಲ್ಲಿ ನೀರು ಅದ್ದಿ ಒತ್ತಿದಳು. ಇಡೀ ಹಗಲು ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಎರಡು ಉಸಿರಿನ ನಡುವೆ ಸ್ವಲ್ಪ ಹೆಚ್ಚು ಹೊತ್ತಾದರೆ ಅವಳ ಉಸಿರೂ ನಿಲ್ಲುತ್ತಿತ್ತು. ಸಂಜೆಯ ಚೀಟಿ ಬೇರೆ ಹೇಳಿತು: ಮಾಡಬೇಕಾದ್ದನ್ನು ಈಗಲೇ ಮಾಡು, ಆಮೇಲೆ ಮಾಡಿ ಫಲವಿಲ್ಲ. ಬುಧವಾರ ಬೆಳಿಗ್ಗೆ ಹೇಳಿಯೇ ಬಿಡುವುದೆಂದು ಹೋದಳು. ಚಿಕ್ಕ ಮಿಸ್ ಬ್ಯಾಗು ಹುಡುಕುತ್ತ, ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತ, ನಡುವೆ ಇವಳ ಕಡೆ ತಿರುಗಿ ಸರಸರನೆ ಏನೋ ಕೇಳಿದರು. ಅರ್ಥವಾಗಲಿಲ್ಲ. ಕಾವೇರಿ “ಯೆಸ್ ಮಿಸ್” ಎಂದಳು. ಅರ್ಥವಾಗದಿದ್ದಾಗೆಲ್ಲ ಅವಳು ಹೇಳುವುದು ಅದನ್ನೇ. ಚಿಕ್ಕ ಮಿಸ್ ಸಮಾಧಾನದಿಂದ ತಲೆಯಾಡಿಸಿ ಹೊರಟುಹೋದರು. ಅಕ್ಕ ಹೇಗಿದ್ದಾಳೆ, ಪರವಾಗಿಲ್ಲವಾ ಎಂದು ಕೇಳಿರಬಹುದು ಎಂದು ಆಮೇಲೆ ಅವಳಿಗೆ ಹೊಳೆಯಿತು.

ಆ ಸಂಜೆ ಮೂರನೆಯ ಚೀಟಿ. ಆತುರ ಪಟ್ಟವರು ಕೆಡುತ್ತಾರೆ ಎಂಬ ಅರ್ಥದ್ದು.

ಅವಳು ಆ ಚೀಟಿಯನ್ನು ಹಿಡಿದುಕೊಂಡೇ ನಿಂತಳು. ಊರಲ್ಲಿ ಒಂದೇ ಮಾತನ್ನು ಎರಡು ಸಲ ಕೇಳುವುದು ಅಪಚಾರ. ಕೇಳಿದರೆ ಅಮ್ಮ ಮುನಿದು ಉಲ್ಟಾ ಉತ್ತರ ಕೊಡುತ್ತಾಳೆ ಎನ್ನುತ್ತಾರೆ. ತಾನು ಮೂರು ಸಲ ಕೇಳಿದ್ದಳು. ಮುನಿಸಿಕೊಂಡದ್ದು ಯಾರು, ಅವರ ಹೆಸರೇನು, ಯಾವ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳಬೇಕು, ಒಂದೂ ತಿಳಿಯದು. ಲೈಬಾ ಎದುರು ನಿಂತು ವಾದ ಶುರುಮಾಡಿದರೂ ಅವಳ ಬಾಯಿಂದ ಯೆಸ್ ಕೂಡ ಹೊರಡಲಿಲ್ಲ.

ಗುರುವಾರ ಕ್ಲಾಸಿಗೆ ರಜೆ. ಆದರೂ ಕಾವೇರಿ ಮೆಟ್ಟಿಲು ಹತ್ತಿ ಬಂದಳು. ಬಾಗಿಲು ತೆರೆದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಕೈ ತೊಳೆದು, ಕಪಾಟಿನ ಮೇಲಿನ ಡಬ್ಬಿ ಇಳಿಸಿ, ನೆಲದ ಮೇಲಿಟ್ಟು, ಅದರ ಮುಂದೆ ಮಂಡಿಯೂರಿ ಕೂತಳು. ಕೆನ್ನೆ ಬಡಿದುಕೊಂಡು ಕೈ ಹಾಕಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಕೆಳಗಿನಿಂದ ಚಹಾ ತರಲು ಹೋಗಿದ್ದ ಆಪಾ, ಲೋಟ ಹಿಡಿದು ನಿಂತಿದ್ದರು.

ಆಪಾ ಲೋಟ ಕೆಳಗಿಟ್ಟು ಬಂದು ಅವಳ ಪಕ್ಕ ನೆಲದ ಮೇಲೇ ಕೂತರು. ನಿಧಾನವಾಗಿ ಒಂದೊಂದಾಗಿ ಎಲ್ಲ ಹೊರಗೆ ಬಂತು: ಗುಡಿಯ ಚೀಟಿ, ಬಸ್ಸು, ಬಿಳಿ ಪುಡಿ, ಮೂರು ಸಂಜೆಗಳ ಮೂರು ಉತ್ತರ. ಕೇಳುತ್ತ ಕೇಳುತ್ತ ಆಪಾರ ಮುಖದ ಬಣ್ಣ ಇಳಿಯಿತು. ನಮ್ಮಲ್ಲೂ ಹೀಗೆ ಶಕುನ ನೋಡಿಸುವವರಿದ್ದಾರೆ, ನನಗೆ ಗೊತ್ತಿಲ್ಲದ್ದೇನಲ್ಲ ಎಂದರು. ಆದರೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡ ಅವರ ಕೈ ಅದನ್ನು ಮುಟ್ಟಲು ಅಳುಕುತ್ತಿತ್ತು. ಇಷ್ಟು ವರ್ಷದಲ್ಲಿ ಇನ್ನೆಷ್ಟು ಜನ ಹೀಗೆ ಕೈ ತೊಳೆದು ಎತ್ತಿದ್ದಾರೋ ಎಂದು ಲೆಕ್ಕ ಹಾಕುತ್ತಿರುವವರಂತೆ ಕಾಣುತ್ತಿದ್ದರು.

“ಕಾವೇರಿ, ಇದು ಹಳೇ ಕ್ಯಾಲೆಂಡರ್ ಹರಿದು ನಾನೇ ಮಾಡಿದ್ದು ಬೇಟಾ. ಅರ್ಧ ಚೀಟಿ ಒಂದು ಹೇಳ್ತಾವೆ, ಇನ್ನರ್ಧ ಅದರ ಉಲ್ಟಾ ಹೇಳ್ತಾವೆ. ಬೇಕಂತಾನೇ ಹಂಗೆ ಹಾಕಿದೀನಿ. ನೀವು ಜಗಳ ಆಡ್ಲಿ ಅಂತ. ಜಗಳ ಆಡಿದ್ರೇನೇ ನಾಲಿಗೆ ತಿರುಗೋದು.”

“ಮತ್ತ ಬಸ್ಸು?”

“ಬಸ್ಸು ಕೆಟ್ಟುಹೋಯ್ತು, ಅಷ್ಟೇ. ಇದರೊಳಗೆ ಯಾರೂ ಕೂತಿಲ್ಲ.”

ಕಾವೇರಿ ಡಬ್ಬಿಯನ್ನೇ ನೋಡಿದಳು. ಮುಚ್ಚಳದ ಮೇಲಿನ ಬಣ್ಣದ ಹುಡುಗಿಯ ಮುಖ ಅರ್ಧ ತುಕ್ಕು ತಿಂದಿತ್ತು. ಅಲ್ಲಿ ಯಾರೋ ಇದ್ದಾರೆ, ಮುನಿದಿದ್ದಾರೆ ಎಂಬುದು ಹೆದರಿಕೆಯೇ. ಯಾರೂ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

“ಹಂಗಾರ ನಾ ಯಾರಿಗಿ ಕೇಳ್ಲಿ ಆಪಾ?”

ತಾನು ಜೊತೆಗೆ ಬಂದು ಹೇಳಲೇ ಎಂದು ಆಪಾ ಕೇಳಿದರು. ಕಾವೇರಿ ಬೇಡವೆಂದು ತಲೆಯಾಡಿಸಿದಳು, ನೋಡಿದವಳು ತಾನು. ಕೊನೆಗೆ ಆಪಾ ಒಂದೇ ಮಾತು ಕೇಳಿದರು: “ಇವತ್ತು ರಾತ್ರಿನೂ ಕೊಡ್ತಾಳಾ?”

ಕಾವೇರಿ ಎದ್ದಳು. ಚಹಾ ಆರಿಹೋಗಿತ್ತು. ಬಸ್ ಸ್ಟ್ಯಾಂಡಿಗೆ ಬಂದವಳು ಕೆ.ಆರ್. ಪುರದ ಬಸ್ಸು ಹತ್ತಲಿಲ್ಲ. ಕುಕ್ ಟೌನಿನ ಕಡೆಗೇ ವಾಪಸು ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿದಳು; ಒಂದು ಪದ ಕೂತರೆ ಇನ್ನೊಂದು ಜಾರುತ್ತಿತ್ತು. ತಪ್ಪು ಪದ ಬಾಯಿಗೆ ಬಂದು ತಾನೇ ಮಾತ್ರೆ ಹಾಕಿದೆ ಎಂದಂತಾದರೆ? ಸುಭದ್ರಕ್ಕನನ್ನು ಪೊಲೀಸರು ಹಿಡಿದುಕೊಂಡು ಹೋದರೆ? ಮಾತ್ರೆಯ ಪುಡಿ ತಾನು ನೋಡಿದಷ್ಟು ಇರಲೇ ಇಲ್ಲದಿದ್ದರೆ? ಗೇಟಿನ ಚಿಲಕ ತೆಗೆಯುವಾಗ ಅವಳ ಕಾಲಿಗೆ ಹಿಂದಕ್ಕೆ ಹೋಗುವ ಆಸೆ ಎಷ್ಟಿತ್ತೆಂದರೆ, ಕಂಬಿ ಹಿಡಿದುಕೊಂಡು ನಿಲ್ಲಬೇಕಾಯಿತು.

ಚಿಕ್ಕ ಮಿಸ್ ಬಾಗಿಲು ತೆರೆದರು. ಹಿಂದೆ ಸುಭದ್ರಮ್ಮ, ಕೈಯಲ್ಲಿ ಗಂಜಿಯ ಬಟ್ಟಲು.

“ಮಿಸ್, ಐ ಹ್ಯಾವ್ ಒನ್ ಡೌಟ್,” ಎಂದಳು ಕಾವೇರಿ. ತಿದ್ದುವವರು ಒಳಗೆ ಮಲಗಿದ್ದರು. “ಟ್ಯಾಬ್ಲೆಟ್, ನಾಟ್ ಹಾಫ್. ಟು. ಡೈಲಿ ಟು. ಐ ಸೀ.” ಗಂಜಿಯ ಬಟ್ಟಲಿನ ಕಡೆ ಬೆರಳು ತೋರಿಸಿದಳು. ಬೆರಳನ್ನು ಇಳಿಸಲಿಲ್ಲ.

ಚಿಕ್ಕ ಮಿಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಒಂದೇ ಉಸಿರಿಗೆ ಎಷ್ಟೋ ಕೇಳಿದರು. ಬಾಯಿಗೆ ಬಂದ ಯೆಸ್ ಅನ್ನು ಕಾವೇರಿ ನುಂಗಿದಳು.

“ಸ್ಲೋ, ಮಿಸ್. ನಂಗ ತಿಳೀಲಿಲ್ಲ. ಸ್ಲೋ.”

ಆ ಮನೆಯಲ್ಲಿ ತಿಳಿಯಲಿಲ್ಲ ಎಂದು ಅವಳು ಹೇಳಿದ್ದು ಅದೇ ಮೊದಲು. ಚಿಕ್ಕ ಮಿಸ್ ನಿಂತು, ತಮಗೆ ಬರುವ ತರಕಾರಿ ಕನ್ನಡದಲ್ಲಿ ಒಂದೊಂದೇ ಪದ ಇಟ್ಟು ಕೇಳಿದರು. ಕಾವೇರಿ ಒಂದೊಂದಕ್ಕೇ ಉತ್ತರ ಕೊಟ್ಟಳು. ಸುಭದ್ರಮ್ಮ ಅಲ್ಲಗಳೆಯಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. ನಿದ್ದೆಗೆಟ್ಟ ಅವಳ ಕಣ್ಣು ಕಾವೇರಿಯ ಮೇಲೇ ಇತ್ತು.

ದೊಡ್ಡ ಮಿಸ್ ಅವರನ್ನು ಅಂದೇ ಆಸ್ಪತ್ರೆಗೆ ಸೇರಿಸಿದರು. ಇನ್ನೂ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು. ಸುಭದ್ರಮ್ಮನನ್ನು ಚಿಕ್ಕ ಮಿಸ್ ಪೊಲೀಸಿಗೆ ಕೊಡಲಿಲ್ಲ. ಮತ್ತೆ ಈ ಗೇಟಿನ ಒಳಗೆ ಬರಬಾರದು ಎಂದಷ್ಟೇ ಹೇಳಿದರು. ಕೆಲವು ದಿನ ದೊಡ್ಡ ಮಿಸ್ ಕಣ್ಣು ಬಿಡುವುದು, ಮುಚ್ಚುವುದು, ಅಷ್ಟೇ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕಾವೇರಿ ದಿನಾ ಅದೇ ಡೌಟಿನ ಸೊಟ್ಟ ಮಾತು ಹೇಳುತ್ತಿದ್ದಳು, ಸಣ್ಣ ದನಿಯಲ್ಲಿ, ಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ. ತಾನು ಸುಮ್ಮನಿದ್ದ ಆ ದಿನಗಳ ಬಗ್ಗೆ ಯಾರಾದರೂ ಕೇಳಿಯಾರೆಂದು ಅವಳಿಗೆ ಹೆದರಿಕೆ. ಯಾರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯ ಪರದೆ ಸರಿಸುತ್ತಿದ್ದಾಗ ಹಿಂದಿನಿಂದ ಒಣ ಗಂಟಲಿನ ದನಿ ಬಂತು.

“ಕ್ವೆಶ್ಚನ್.”

ಅವಳು ತಿರುಗಲಿಲ್ಲ. ಪರದೆಯನ್ನು ಹಿಡಿದುಕೊಂಡೇ ನಿಂತಳು, ಮುಖ ಸರಿಹೋಗುವವರೆಗೆ.

ಆದರೆ ಸಂಜೆಯಾದರೆ ವಠಾರಕ್ಕೆ ಹೋಗಲೇಬೇಕಿತ್ತು. ಆ ಓಣಿಗೆ ಇರುವುದು ಒಂದೇ ನಲ್ಲಿ. ಸುಭದ್ರಮ್ಮ ಅವಳ ಹತ್ತಿರ ಮಾತು ಬಿಟ್ಟಿದ್ದಳು. ಅವಳ ಜೊತೆ ಓಣಿಯ ಅರ್ಧ ಹೆಂಗಸರೂ ಬಿಟ್ಟಿದ್ದರು. ರೂಮಿನ ಮಾಲೀಕ ಈಗೀಗ ಭೀಮಾಶಂಕರನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಭೀಮಾಶಂಕರ ಅದಕ್ಕೆ ಹೆಂಡತಿಯನ್ನು ಬೈದೂ ಇರಲಿಲ್ಲ, ಹೊಗಳಿಯೂ ಇರಲಿಲ್ಲ, ದೇವಸಂದ್ರದ ಕಡೆ ಬೇರೆ ರೂಮು ವಿಚಾರಿಸುತ್ತಿದ್ದ. ಕೊಡ ಎತ್ತಿಕೊಂಡ ಕಾವೇರಿ, ನಲ್ಲಿಯ ಹತ್ತಿರ ಯಾರಿದ್ದಾರೆಂದು ಹೊಸ್ತಿಲಿನಿಂದ ಇಣುಕಿ ನೋಡಿಯೇ ಹೊರಡುತ್ತಿದ್ದಳು. ದೊಡ್ಡ ಮಿಸ್ ಮಾತಾಡಿದ ಮರುದಿನ ಸಂಜೆಯೂ ಹಾಗೇ. ನಲ್ಲಿಯ ಹತ್ತಿರ ಸುಭದ್ರಮ್ಮ ಒಬ್ಬಳೇ ಇದ್ದಳು. ಕೊಡ ತುಂಬುವ ಸದ್ದು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಕಾವೇರಿ ಸ್ವಲ್ಪ ದೂರದಲ್ಲೇ ನಿಂತಳು. ವಾಪಸು ಹೋಗಬಹುದಿತ್ತು. ಹೋಗಲಿಲ್ಲ.

ಸುಭದ್ರಮ್ಮ ಇವಳ ಕಡೆ ನೋಡದೆ ಕೇಳಿದಳು.

“ಮುದುಕಿ ಮಾತಾಡ್ತಾಳಂತಲ್ಲ. ಖರೇ ಏನು?”

“ಖರೇ ಅಕ್ಕಾ. ನಿನ್ನಿ ಒಂದು ಮಾತಾಡ್ಯಾಳ.”

ಕೊಡ ತುಂಬಿ ಹೊರಚೆಲ್ಲುವವರೆಗೆ ಸುಭದ್ರಮ್ಮ ಹಾಗೇ ನಿಂತಿದ್ದಳು. ಆಮೇಲೆ ಅದನ್ನು ಸೊಂಟಕ್ಕೇರಿಸಿ, ಕಾವೇರಿಯನ್ನು ದಾಟಿಕೊಂಡು ನಡೆದುಬಿಟ್ಟಳು. ನಲ್ಲಿಯನ್ನು ನಿಲ್ಲಿಸದೆ ಹೋಗಿದ್ದಳು. ಮರೆತಳೋ, ಬಿಟ್ಟು ಹೋದಳೋ, ಕಾವೇರಿಗೆ ತಿಳಿಯಲಿಲ್ಲ. ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಅವಳು ಓಡಿಹೋಗಿ ಕೊಡ ಇಟ್ಟಳು.